ಉಗುರಿಗೆ ತಾಗಿಸಿದ ಮೊನೆ

ಪುಣೆ, ಗುರುವಾರ

ಅಕ್ಕಾ,
ಚಂದನಾಳ ಪ್ರಯೋಗಾಲಯ ನೋಡಿದೆ. ನಿನ್ನ ಮಗಳು ಗಾಜಿನ ನಳಿಗೆಯೊಳಗೆ ಪ್ಲಾಟಿನಂ ತಂತಿಯಿಟ್ಟು, ಕಾಯಿಸಿ ಎಳೆದು, ಕಣ್ಣಿಗೆ ಕಾಣದಷ್ಟು ಸಣ್ಣ ಮೊನೆ ಮಾಡುತ್ತಾಳೆ. ಕಬ್ಬಿಣದಲ್ಲಿ ತುಕ್ಕು ಮೊದಲು ಎಲ್ಲಿ ಹುಟ್ಟುತ್ತದೆಂದು ಅದು ಹುಡುಕುತ್ತದಂತೆ. ಮಧ್ಯಾಹ್ನದ ಪರೀಕ್ಷೆಗೆಂದು ಇಟ್ಟಿದ್ದ ಒಂದೇ ಮೊನೆಯನ್ನು ನಾನು ಮೀನು ಹಿಡಿಯುವವನ ಅಭ್ಯಾಸಬಲದಿಂದ ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡಿದೆ. ಮುರಿಯಿತು.
"ಹ್ವಾಯ್ ಮಾವ, ಇದ್ ಗಾಳ ಅಲ್ಲ ಮಾರ್ರೆ" ಎಂದು ನಕ್ಕು, ಊಟ ಬಿಟ್ಟು ಇನ್ನೊಂದು ಮಾಡಿದಳು. ಅದು ಇನ್ನೂ ಸಣ್ಣದಾಯಿತು, ಪರೀಕ್ಷೆಯಲ್ಲೂ ಗೆದ್ದಿತು.
ನನ್ನ ಮಂಡಿನೋವು ಕಡಿಮೆ.
ಮೀನು ಮಾರುವವಳ ಮಗಳಿಗೆ ವಿಜ್ಞಾನ ಯಾಕೆ ಎಂದಿದ್ದ ಮೇಷ್ಟರು ಈಗ ದಿನವೂ ಉಪ್ಪುಂದದ ಅಂಚೆ ಕಚೇರಿ ಜಗಲಿಯಲ್ಲೇ ಕೂತು ಬಂದ ಕಾರ್ಡುಗಳನ್ನೆಲ್ಲ ಓದುತ್ತಾರಲ್ಲ, ಅದಕ್ಕೇ ಲಕೋಟೆ ಬಿಟ್ಟು ಕಾರ್ಡಿನಲ್ಲಿ ಬರೆದೆ.
ನಿನ್ನ ತಮ್ಮ,
ಶೀನ