ಹಿಂದಿನಿಂದ ಕರೆಯದ ಅಂಗಡಿ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಚಿನಕುರಳೀ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ, ಇಲ್ಲಾ ಹೊಸ ಆಫೀಸಿನ ಏಸಿ ಅದನ್ನು ಸಾಕಿಕೊಂಡಿದೆಯೇ? ನನ್ನ ಮಂಡಿನೋವು ಕೇಳಿದರೆ ಹೆಚ್ಚಾಗುತ್ತದೆ, ಆದ್ದರಿಂದ ಕೇಳಬೇಡ. ನಿಮ್ಮಪ್ಪ ಆರೋಗ್ಯವಾಗಿದ್ದಾರೆ. ನೀನು ಅವರನ್ನು ಬಿಟ್ಟು ಬೇರೆಯವರ ಹತ್ತಿರ ಮನೆ ನಕ್ಷೆ ಬರೆಯಲು ಹೋದ ದಿನದಿಂದ, ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತೆ ಇಬ್ಬರೂ ಮಾತು ಬಿಟ್ಟಿದ್ದೀರಿ. ಅವರ ಸುದ್ದಿ ನಿನಗೆ, ನಿನ್ನ ಸುದ್ದಿ ಅವರಿಗೆ ಮುಟ್ಟಿಸುವ ಅಂಚೆಯ ಕೆಲಸ ನನ್ನದು. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದ ಕೋಣೆಯಲ್ಲಿ ಅವರ ಕಿವಿ ನೆಟ್ಟಗಾಗುತ್ತದೆ. ಅದಕ್ಕೇ ಈ ಕಾಗದ.

ಸುದ್ದಿ ಏನೆಂದರೆ, ಹಳೆಯ ಕಂಪ್ಯೂಟರ್ ತೀರಿಕೊಂಡಿತು. ಒಬ್ಬ ಹಲ್ಲಿನ ಡಾಕ್ಟರ ಮನೆಗೆ ಮಹಡಿ ಮೆಟ್ಟಿಲು ಬರೆಯುತ್ತಿದ್ದಾಗ ಪರದೆ ಕಪ್ಪಾಯಿತು. ಡಾಕ್ಟರು ಇನ್ನೂ ಅರ್ಧ ಮೆಟ್ಟಿಲಲ್ಲೇ ನಿಂತಿದ್ದಾರೆ. ಹೊಸದನ್ನು ಆನ್‌ಲೈನಿನಲ್ಲಿ ಕೊಳ್ಳುತ್ತೇನೆಂದು ನಿಮ್ಮಪ್ಪ ನನ್ನ ಲ್ಯಾಪ್‌ಟಾಪ್ ಹಿಡಿದು ಕೂತರು. ಮೂರು ಅಂಗಡಿಗಳನ್ನು ಒಟ್ಟಿಗೆ ತೆರೆದುಕೊಂಡು ಬೆಲೆ ಹೋಲಿಸಿದ್ದೇ ಹೋಲಿಸಿದ್ದು. ಒಂದರಲ್ಲಿ ಪ್ರೊಸೆಸರ್ ಅಗ್ಗ, ಇನ್ನೊಂದರಲ್ಲಿ ಡಿಸ್ಕ್ ದೊಡ್ಡದು, ಮೂರನೆಯದರಲ್ಲಿ ಬೇಕಾದ್ದನ್ನೆಲ್ಲ ನಾವೇ ಆರಿಸಿದರೆ ಜೋಡಿಸಿ ಕಳಿಸುತ್ತಾರೆ. ಆ ಮೂರನೆಯದೇ ಅವರಿಗೆ ಹಿಡಿಸಿತು. ರ‍್ಯಾಮ್ ಹೆಚ್ಚಿಸಿದರೆ ಕೆಳಗೆ ಬೆಲೆ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ತಕ್ಕಡಿ ಹಿಡಿದವನ ಕೈ ನೋಡುವ ಹಾಗೆ ಆ ಅಂಕಿಯನ್ನೇ ನೋಡುತ್ತಿದ್ದರು. ಬಣ್ಣದ ದೀಪ ಮಿನುಗುವ ಡಬ್ಬ ಕಂಡು, "ಇದೇನು ಮದುವೆ ಮನೇನಾ?" ಎಂದು ತೆಗೆದುಹಾಕಿದರು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಒಳ್ಳೆಯದೇ ಇರಬೇಕು, ಇಲ್ಲದಿದ್ದರೆ ಮನೆಯನ್ನು ಸುತ್ತ ತಿರುಗಿಸಿ ತೋರಿಸುವಾಗ ತಡವರಿಸುತ್ತದೆ ಎಂದು ನನಗೆ ಪಾಠ ಹೇಳಿದರು. ಅದು ನೀನು ಹೇಳಿಕೊಟ್ಟ ಪಾಠ. ನಾನು ಹೂಂಗುಟ್ಟಿದೆ.

ಎಲ್ಲ ಆರಿಸಿ ಆದಮೇಲೆ ಕೊಂಡರೇ? ಇಲ್ಲ, ಲ್ಯಾಪ್‌ಟಾಪ್ ಮುಚ್ಚಿ ಎದ್ದರು. ಅವರ ವ್ಯಾಪಾರ ನಿನಗೆ ಗೊತ್ತಲ್ಲ: ಬೇಡವೆಂದು ನಾಲ್ಕು ಹೆಜ್ಜೆ ನಡೆದರೆ ಅಂಗಡಿಯವನೇ ಹಿಂದಿನಿಂದ "ಬನ್ನಿ ಸಾರ್, ಎಷ್ಟು ಕೊಡ್ತೀರಾ ಹೇಳಿ" ಎಂದು ಕರೆಯಬೇಕು. ಚಪ್ಪಲಿ ಕೊಂಡದ್ದೂ ಹಾಗೆ, ಸೋಫಾ ಕೊಂಡದ್ದೂ ಹಾಗೆ. ಈ ಅಂಗಡಿಗೆ ಕಣ್ಣಿಲ್ಲ, ನೀವು ಎದ್ದು ಹೋದದ್ದು ಅದಕ್ಕೆ ಕಾಣುವುದಿಲ್ಲ ಎಂದೆ. "ನೋಡ್ತಾ ಇರು, ಕರೀತಾರೆ" ಎಂದರು. ಯಾರೂ ಕರೆಯಲಿಲ್ಲ. ವಾರ ಬಿಟ್ಟು ತೆರೆದರೆ ರ‍್ಯಾಮಿನ ಬೆಲೆ ಇನ್ನೂ ಏರಿತ್ತು. ಮುಖ ಹುಳ್ಳಗೆ ಮಾಡಿಕೊಂಡು ಹೇಳಿದ ಬೆಲೆಗೇ ಕೊಂಡರು. ಯಾರೂ ಕರೆಯದೆ ಅವರು ತಾವಾಗಿ ಅಂಗಡಿಗೆ ಮರಳಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಪೆಟ್ಟಿಗೆಗಳು ನಿನ್ನೆ ಬಂದವು, ಮೇಜು ಒರೆಸಿಟ್ಟೆ. ಪಕ್ಕಪಕ್ಕ ಕೂತಾಗ ನಿನ್ನ ಎಡ ಮೊಣಕೈ ಅವರ ಬಲ ಮೊಣಕೈಗೆ ತಾಗಿ ದಿನಾ ಜಗಳವಾಗುತ್ತಿತ್ತಲ್ಲ, ನಿನ್ನ ಆ ಜಾಗ ಖಾಲಿಯೇ ಇದೆ. ಅಲ್ಲಿ ಪ್ರಿಂಟರ್ ಇಡೋಣವೆಂದರೆ ಬೇಡವೆಂದರು. ಆ ಜಗಳ ಕೇಳಿಸದೆ ನನಗೆ ಮನೆ ಬೇಸರವಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಬರೆದ ಮನೆಗಳೆಲ್ಲ ಗಟ್ಟಿಯಾಗಿ ನಿಲ್ಲಲಿ, ನೀನೂ ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಅವರು ಕೊನೆಯ ಪೆಟ್ಟಿಗೆ ಬಿಚ್ಚಿದರು. ಒಂದು ಕಂಪ್ಯೂಟರಿಗೆ ಎರಡು ಮೌಸ್! ಒಂದರಲ್ಲಿ ಹೆಬ್ಬೆರಳಿಡುವ ಗುಳಿ ಬಲಬದಿಗಿದೆ, ಎಡಗೈಯವರದ್ದು. ತಪ್ಪಿ ಬಂದಿರಬೇಕು, ವಾಪಸ್ ಕಳಿಸಿ ಎಂದೆ. "ತಪ್ಪೇನಿಲ್ಲ, ನಾನೇ ಹಾಕಿದ್ದು. ಇರ್ಲಿ ಬಿಡು" ಎಂದು ಅದನ್ನು ನಿನ್ನ ಜಾಗದಲ್ಲಿಟ್ಟು, ನನ್ನ ಮುಖ ನೋಡದೆ ವೈರು ಬಿಡಿಸುತ್ತ ಕೂತರು. ನೀನೂ ಅವರ ಮಗಳೇ ತಾನೇ, ನಾಲ್ಕು ಹೆಜ್ಜೆ ನಡೆದು ಹಿಂದಿನಿಂದ ಕರೆಯಲಿ ಎಂದು ಕಾಯುತ್ತಿದ್ದೀಯ. ಕರೆದಾಯಿತು ಮಗಳೇ, ಇದಕ್ಕಿಂತ ಜೋರಾಗಿ ಕರೆಯಲು ಅವರಿಗೆ ಬರುವುದಿಲ್ಲ. ಫೋನು ಅವರ ನಂಬರಿಗೆ ಮಾಡು, ನನ್ನದಕ್ಕಲ್ಲ.