ತುಕ್ಕಿನಲ್ಲಿ ಮೂಡಿದ ಹೆಬ್ಬೆರಳು

ಮಾರ್ಚ್ ೧೧, ಮಂಗಳವಾರ

ಆ ಗುರುತು ಕಣ್ಣಿಂದ ಹೋಗುತ್ತಿಲ್ಲ.

ಅಣ್ಣ ಹೋದ ದಿನದಿಂದ ನಿಂತೇ ಇದ್ದ ಬೋಟಿನ ಎಂಜಿನ್ ಇವತ್ತು ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಡೀಸೆಲ್ ಪಂಪ್ ಬಿಚ್ಚಿದೆ. ಡೀಸೆಲ್ ತಳ್ಳುವ ಪ್ಲಂಜರ್ ಒಂದು ಕಚ್ಚಿಕೊಂಡಿತ್ತು. ಎಳೆದು ತೆಗೆದರೆ, ಕನ್ನಡಿಯಂಥ ಉಕ್ಕಿನ ಮೇಲೆ ತುಕ್ಕಿನಲ್ಲಿ ಹೆಬ್ಬೆರಳ ಅಚ್ಚು, ನಡುವೆ ಹಳೇ ಗಾಯದ ಅಡ್ಡಗೆರೆ. ಅಣ್ಣನದೇ. ಅವತ್ತು ಬೆಳಿಗ್ಗೆ ಪಂಪ್ ಜೋಡಿಸಿದ್ದು ಅವನು. ಸಂಜೆ ಎದೆ ಹಿಡಿದುಕೊಂಡು ಕುಸಿದ.

“ಬೆವರು ಕೈಯಲ್ಲಿ ಮುಟ್ಟಿದ್ರೆ ತುಕ್ಕು ಹಿಡಿಯುತ್ತೆ ಕಣೋ, ಡೀಸೆಲ್‌ನಲ್ಲಿ ಕೈ ಅದ್ದು!” ಎಂದು ನನ್ನ ಜೀವ ತಿನ್ನುತ್ತಿದ್ದವನು. ಅವನೇ ಮರೆತನೆಂದರೆ ಎದೆನೋವು, ಬೆವರು ಬೆಳಿಗ್ಗೆಯೇ ಶುರುವಾಗಿರಬೇಕು. ಪಕ್ಕದಲ್ಲೇ ಇದ್ದರೂ ನನಗೆ ಗೊತ್ತಾಗಲಿಲ್ಲ; ನನ್ನ ಡೊಳ್ಳುಹೊಟ್ಟೆ ನೋಡಿ ತಮಾಷೆ ಮಾಡುತ್ತಿದ್ದ, ಅಷ್ಟೆ.

“ಉಜ್ಜಿ ಹಾಕಪ್ಪ, ನಾಳೆ ಹೊರಡ್ಬೇಕು” ಎಂದರು ಮಾಲೀಕರು. ಉಜ್ಜಲು ಮನಸ್ಸು ಬರಲಿಲ್ಲ. ಹೊಸದು ಹಾಕಿದೆ.

ಊಟಕ್ಕೆ ಕೂತಾಗ ಅತ್ತಿಗೆ ಕೇಳಿದರು, “ಏನಾಗಿತ್ತು ಎಂಜಿನ್‌ಗೆ?”

“ತುಕ್ಕು.”

ಆಮೇಲೆ ದಿನವೂ ಕೇಳುವ ಅದೇ ಪ್ರಶ್ನೆ: “ಅವತ್ತು ಬೆಳಿಗ್ಗೆ ಚೆನ್ನಾಗೇ ಇದ್ರಲ್ವಾ?”

“ನಗ್ತಾನೇ ಇದ್ದ, ಅತ್ತಿಗೆ.”

ಪ್ಲಂಜರ್ ನನ್ನ ಜೇಬಿನಲ್ಲೇ ಇತ್ತು. ಈಗ ದಿಂಬಿನ ಪಕ್ಕದಲ್ಲಿದೆ. ಎಣ್ಣೆ ಹಚ್ಚದಿದ್ದರೆ ತುಕ್ಕು ಹರಡಿ ಆ ಅಚ್ಚೂ ಅಳಿಸಿಹೋಗುತ್ತದೆ. ಹಚ್ಚೋಣವೆಂದರೆ ನನ್ನ ಕೈ ಬೆವರುತ್ತಿದೆ.