ಎರಡು ಸರಪಳಿಯ ದೋಣಿ

ಅಣ್ಣಾ ಫಕೀರಪ್ಪಾ,

ನಿನ್ನ ಮೈಯನ್ನು ಹೊಳೆ ನಮಗೆ ತಿರುಗಿ ಕೊಟ್ಟಿತು. ಉಳಿದದ್ದನ್ನು ಎಲ್ಲಿಗೆ ಒಯ್ದಿತೋ, ಈ ಕಾಗದ ಅಲ್ಲಿಗೆ ಮುಟ್ಟಲಿ. ಮುಟ್ಟದಿದ್ದರೆ ಹೊಳೆಗೂ ಒಂದು ಕಾಗದ ಬರೆಯುತ್ತೇನೆ. ಅದರಲ್ಲಿ ಬೈಗುಳ ಬಿಟ್ಟು ಬೇರೇನೂ ಇರುವುದಿಲ್ಲ. ನಿನ್ನ ತಂಗಿ ಗಂಗವ್ವನ ಬಾಯಿ ಎಂಥದೆಂದು ನಿನಗೆ ಗೊತ್ತಲ್ಲ?

ನನಗೆ ಅಕ್ಷರ ಕಲಿಸಿದ್ದು ನೆನಪಿದೆಯೇ? ಚಲೇಜಾವ್ ಗದ್ದಲದಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಬಂದವರನ್ನು ಆಚೆ ದಂಡೆಗೆ ದಾಟಿಸಿದೆಯೆಂದು ನಿನ್ನನ್ನು ಹೊಡೆದು ಜೇಲಿಗೆ ಒಯ್ದರು. ಹೋಗುವಾಗ ಹೆಬ್ಬೆಟ್ಟಿನವನಾಗಿದ್ದೆ, ಬರುವಾಗ ಓದುಬಲ್ಲವನಾಗಿದ್ದೆ. ಬಂದವನೇ ದೋಣಿ ನೂಕುವ ಗಳದ ತುದಿಯಿಂದ ಹಸಿ ಉಸುಕಿನ ಮೇಲೆ ‘ದೋಣಿ’ ಎಂದು ಬರೆದು, ‘ಇದನ್ನ ತಿದ್ದಲೇ, ನೀರು ಅಳಿಸಿದ್ರ ಮತ್ತ ಬರಿ’ ಎಂದೆ. ನಾನು ಬರೆದೆ, ನೀರು ಅಳಿಸಿತು, ಮತ್ತೆ ಬರೆದೆ. ಅಂದು ಹೊಳೆಯ ಮೇಲೆ ಹುಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ. ಈಗ ಆ ಅಕ್ಷರಗಳಲ್ಲೇ ನಿನಗೆ ಬರೆಯುತ್ತಿದ್ದೇನೆ.

ನಮ್ಮಜ್ಜ ಹೊನ್ನಾವರದ ಕಡೆ ಸಮುದ್ರ ನೋಡಿ ಬಂದು ತುಂಗಭದ್ರೆಯಲ್ಲಿ ಹಾಯಿದೋಣಿ ಬಿಡುತ್ತೇನೆಂದಾಗ ಮುಂಡರಗಿ ಸಂತೆಯ ಜನ ನಕ್ಕಿದ್ದರಂತೆ. ಆ ಕಥೆ ನೀನು ಹೇಳಿದಷ್ಟು ಚೆಂದ ಯಾರೂ ಹೇಳುತ್ತಿರಲಿಲ್ಲ. ಉಳಿದವರೆಲ್ಲ ಚರ್ಮದ ಹರಿಗೋಲಿನಲ್ಲಿ ಸುತ್ತುತ್ತಿದ್ದಾಗ ಸಾಗವಾನಿಯ ನಮ್ಮ ದೋಣಿ ಮಾತ್ರ ಪಡುವಣ ಗಾಳಿಗೆ ಹಾಯಿ ಬಿಚ್ಚಿ, ಎತ್ತು, ಚಕ್ಕಡಿ, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತು ನೆಟ್ಟಗೆ ಹೋಗುತ್ತಿತ್ತು. ಈಚೆ ದಂಡೆ ಮುಂಬೈ ಸರ್ಕಾರದ್ದು, ಆಚೆ ದಂಡೆ ಮದ್ರಾಸಿನದು. ಎರಡೂ ಕಡೆ ಮಾತಾಡುವುದು ಕನ್ನಡ, ತಿನ್ನುವುದು ರೊಟ್ಟಿ, ಬೈಯುವುದೂ ಒಂದೇ ಬೈಗುಳ. ಸ್ವಾತಂತ್ರ್ಯ ಬಂದ ದಿನ ನೀನು ಹೊತ್ತು ಮುಳುಗುವತನಕ ಎರಡೂ ದಂಡೆಯವರನ್ನು ಪುಕ್ಕಟೆ ದಾಟಿಸಿದೆ. ಸಂಜೆ ನಿನ್ನ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು, ನಿನ್ನ ಹೆಂಡತಿ, ನನ್ನ ವೈನಿ ನೀಲವ್ವ, ಅದಕ್ಕೆ ಎಣ್ಣೆ ಹಚ್ಚುತ್ತ ನಿನ್ನನ್ನು ಹುಚ್ಚ ಎಂದಳು.

ಆಚೆಯವರು ಮೈಸೂರಿಗೆ ಸೇರಿದ ಮೇಲೆ ಜನರ ತಲೆ ಕೆಟ್ಟಿತು. ಇನ್ನೇನು ಎಲ್ಲ ಕನ್ನಡ ಒಂದಾಗುತ್ತದೆ ಎಂಬ ಸುದ್ದಿ ಬಂದದ್ದೇ ತಡ, ಒಂದಾದರೆ ದೋಣಿ ಯಾವ ಊರಿನದು ಎಂಬ ಜಗಳ ಹುಟ್ಟಿತು. ನಮ್ಮಜ್ಜ ಕಟ್ಟಿಸಿದ ದೋಣಿ ಅಂಬಿಗರ ಮನೆಯದೆಂದು ಒಬ್ಬರಿಗೂ ಹೊಳೆಯಲಿಲ್ಲ, ಅಲ್ಲವೇ? ಆಚೆಯ ಹುಡುಗರು ಒಂದು ಲಗ್ನಕ್ಕೆಂದು ದೋಣಿಯನ್ನು ರಾತ್ರಿ ತಮ್ಮ ದಂಡೆಯಲ್ಲೇ ಇಟ್ಟುಕೊಂಡರು. ಬೆಳಿಗ್ಗೆ ನಮ್ಮವರು ಬಡಿಗೆ ಹಿಡಿದು ಹೋದರು. ಮೊಣಕಾಲುದ್ದ ನೀರಿನಲ್ಲಿ ನಿಂತು ಬಡಿದಾಡಿದರು. ನಮ್ಮವನೊಬ್ಬನ ಕಿವಿ ಹರಿಯಿತು, ಆಚೆಯವನೊಬ್ಬನ ದವಡೆ ಮುರಿಯಿತು, ನಡುವೆ ಹೋದ ನಿನ್ನ ಬೆನ್ನಿಗೂ ಎರಡು ಬಿದ್ದವು. ಯಾರು ಕೊಟ್ಟದ್ದೆಂದು ಕೇಳಿದರೆ, ‘ಒಂದು ಮುಂಬೈದು, ಒಂದು ಮೈಸೂರ್ದು’ ಎಂದು ನಕ್ಕೆ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಹಿರಿಯರು ಕೂತು ಮಾಡಿದ ಆ ನ್ಯಾಯ ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ದೋಣಿ ಯಾವ ದಂಡೆಯಲ್ಲೂ ಮಲಗಬಾರದು, ಹೊಳೆಯ ನಡುವಿನ ಬಸವನಗುಂಡು ಎಂಬ ಬಂಡೆಗೆ ಕಟ್ಟಬೇಕು. ಮೂತಿಗೆ ಒಂದು ಸರಪಳಿ, ಅದರ ಕೀಲಿಕೈ ನಮ್ಮ ಗೌಡರ ಹತ್ತಿರ. ಬಾಲಕ್ಕೆ ಒಂದು ಸರಪಳಿ, ಅದರ ಕೀಲಿಕೈ ಆಚೆಯ ಪಟೇಲರ ಹತ್ತಿರ. ಇಬ್ಬರ ಕೀಲಿಯೂ ತಿರುಗದೆ ದೋಣಿ ಅಲುಗಬಾರದು. ಕೂಡಿದ್ದ ಮಂದಿಯೆಲ್ಲ ತಲೆದೂಗಿತು. ನೀನೊಬ್ಬನೇ ಎದ್ದು ನಿಂತೆ.

‘ಗೌಡ್ರ, ಹೊಳಿ ಬಂದಾಗ ಮೂತಿ ಅಷ್ಟ ಕಟ್ಟಬೇಕ್ರಿ, ಬಾಲ ಬಿಡಬೇಕು. ನೀರು ಹೆಂಗ ಬರತೈತಿ ಹಂಗ ದೋಣಿ ತಾನ ತಿರಗತೈತಿ. ಎರಡೂ ಕಡಿ ಬಿಗದ್ರ ಅಡ್ಡ ನಿಂತು ಒಡೀತೈತಿ.’

‘ಹೊಳಿ ಬರೋ ಮುಂಚೆ ಬಿಚ್ಚಿಸೂಣು ಬಿಡೋ’ ಎಂದರು ಗೌಡರು. ‘ನಾವೇನು ಸಣ್ಣವ್ರೇನು?’

ಸಣ್ಣವರಾಗಿದ್ದರೆ ಬುದ್ಧಿ ಹೇಳಬಹುದಿತ್ತು.

ಆರಿದ್ರ ಮಳೆಯ ಆ ಮಧ್ಯಾಹ್ನ ನಾನು ಮತ್ತು ವೈನಿ ದಂಡೆಯ ಮೇಲೆ ಪುಂಡಿನಾರು ತೊಳೆಯುತ್ತಿದ್ದೆವು. ಮುಗಿಲು ಕಪ್ಪಾಗಿ ದೀಪ ಹಚ್ಚುವ ಹಾಗಾಯಿತು. ಮೊದಲು ಗಾಳಿ ಬಂತು. ಊರಿನ ತಗಡು ಹಾರಿದವು, ಬೇವಿನಮರ ಬುಡಸಮೇತ ಎದ್ದು ಗುಡಿಯ ಗೋಡೆಯ ಮೇಲೆ ಬಿತ್ತು. ಆಮೇಲೆ ಹೊಳೆ ಬಂತು, ಕೆಂಪಗೆ, ಗೋಡೆಯೆತ್ತರ, ಹೆಣವಾದ ದನಗಳನ್ನು ಉರುಳಿಸುತ್ತ. ನೀನು ಗೌಡರ ಮನೆಗೆ ಓಡಿದೆ. ಗೌಡರು ಲಕ್ಷ್ಮೇಶ್ವರಕ್ಕೆ ನಂಟರ ಮನೆಗೆ ಹೋಗಿದ್ದರು, ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡೇ ಹೋಗಿದ್ದರು. ಪಟೇಲರ ಕೀಲಿಕೈ ಹೊಳೆಯ ಆಚೆ. ನೀನು ಮನೆಗೆ ಬಂದು ಕೊಡಲಿ ತೆಗೆದುಕೊಂಡು ಹರಿಗೋಲು ನೂಕಿದೆ. ವೈನಿ ನಿನ್ನ ಅಂಗಿ ಹಿಡಿದು ಎಳೆದಳು, ಅಂಗಿಯ ತುಂಡು ಅವಳ ಕೈಯಲ್ಲಿ ಉಳಿಯಿತು.

ನಾವು ನೋಡಿದ್ದನ್ನು ನೀನು ನೋಡಿಲ್ಲ, ಅದಕ್ಕೇ ಹೇಳುತ್ತೇನೆ. ದೋಣಿ ನೀರಿಗೆ ಅಡ್ಡ ನಿಂತು ನರಳುತ್ತಿತ್ತು. ಆ ಸದ್ದು ದಂಡೆಗೆ ಕೇಳುತ್ತಿತ್ತು. ನೀನು ಬಂಡೆಗೆ ಹರಿಗೋಲು ತಾಗಿಸಿ ಬಾಲದ ಕಡೆ ಹತ್ತಿದೆ, ಕೊಡಲಿ ಎತ್ತಿದೆ, ಎತ್ತಿದೆ, ಎತ್ತಿದೆ. ಮಿಂಚಿದಾಗೊಮ್ಮೆ ನಿನ್ನ ಕೈ ಮೇಲಿರುತ್ತಿತ್ತು. ಬಾಲ ಬಿಟ್ಟುಕೊಂಡಿತು. ದೋಣಿ ಗಿರ್ರನೆ ತಿರುಗಿ ನೀರಿಗೆ ಮೂತಿ ಕೊಟ್ಟು ನೆಟ್ಟಗೆ ನಿಂತಿತು. ‘ನಿಂತ್ತು’ ಎಂದು ವೈನಿ ಕಿರುಚಿದಳು. ಅಷ್ಟರಲ್ಲಿ ಮೇಲಿನಿಂದ ಬೇರುಸಮೇತ ತೇಲಿ ಬಂದ ಒಂದು ದೊಡ್ಡ ಮರ... ಹಾಯಿಮರ ಕಡ್ಡಿಯಂತೆ ಲಟಕ್ಕೆಂದಿತು, ಮೂತಿಯ ಹಲಗೆಯನ್ನು ಸರಪಳಿ ಕಿತ್ತುಕೊಂಡಿತು, ದೋಣಿಯೂ ಇಲ್ಲ, ನೀನೂ... ಎಷ್ಟು ಹೊತ್ತು ಕೂಗಿದೆವೋ ಗೊತ್ತಿಲ್ಲ. ನನ್ನ ಗಂಟಲು ಆಮೇಲೆ ಬಹಳ ದಿನ ಸರಿಹೋಗಲಿಲ್ಲ.

ನೀರು ಇಳಿದ ಮೇಲೆ ನೀನು ಕೆಳಗಿನ ಊರಿನ ಜಾಲಿಯ ಮೆಳೆಯಲ್ಲಿ ಸಿಕ್ಕೆ. ಮಣ್ಣು ಮಾಡಿದೆವು. ದೋಣಿ ಇನ್ನೂ ಕೆಳಗೆ ಉಸುಕಿನ ದಿಬ್ಬದ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಮೂತಿಯಲ್ಲಿ ಆಳು ಹೋಗುವಷ್ಟು ತೂತು, ಒಳಗಿನ ಪಕ್ಕೆಲುಬು ಒಂದೂ ನೆಟ್ಟಗಿಲ್ಲ, ಬಂಡೆಯನ್ನು ಸುತ್ತಿದ್ದ ಬಾಲದ ಸರಪಳಿ ಒಂದು ತುದಿ ಕಳಚಿ, ಬೀಗದ ಸಮೇತ ಹಿಂದೆ ಜೋತುಬಿದ್ದಿತ್ತು. ನಾನು ಆ ಬೀಗವನ್ನು ಕಲ್ಲಿನಿಂದ ಜಜ್ಜಿ ಬಿಡಿಸಿ ಮನೆಗೆ ತಂದೆ. ಯಾಕೆ ತಂದೆನೆಂದು ಆಗ ಗೊತ್ತಿರಲಿಲ್ಲ.

ಗೌಡರೂ ಪಟೇಲರೂ ಜೊತೆಯಾಗಿ ನಮ್ಮ ಮನೆ ಕಟ್ಟೆಗೆ ಬಂದ ದಿನ ಗೊತ್ತಾಯಿತು. ದೀಪಾವಳಿ ಹೊತ್ತಿಗೆ ರಾಜ್ಯ ಒಂದಾಗುತ್ತದೆ, ಆ ದಿನ ಎರಡೂ ದಂಡೆಯವರು ಹಾಯಿದೋಣಿಯಲ್ಲಿ ಬಾವುಟ ಹಿಡಿದು ದಾಟಬೇಕು, ದೋಣಿ ರಿಪೇರಿ ಮಾಡಿಸೋಣ ಎಂದರು. ನಿನ್ನ ಹೆಸರನ್ನೂ ಎತ್ತಿದರು, ನೋಡು.

‘ಫಕೀರಪ್ಪನ ಆತ್ಮಕ್ಕೂ ಶಾಂತಿ ಸಿಗತೈತೆವಾ’ ಎಂದರು ಗೌಡರು.

ನಾನು ಒಳಗೆ ಹೋಗಿ ಬೀಗ ತಂದು ಬೀಸಿ ಒಗೆದೆ. ಗೌಡರ ಹಣೆ ಬಿರಿದು ರಕ್ತ ಮೂಗಿನ ಮೇಲೆ ಇಳಿಯಿತು. ಪಟೇಲರು ಕಟ್ಟೆ ಇಳಿದು ನಿಂತರು. ಮಂದಿ ನನ್ನ ಕೈ ಹಿಡಿದರು, ಒಬ್ಬನ ಕೈ ಕಚ್ಚಿದೆ. ಪಶ್ಚಾತ್ತಾಪ ಆಗ ಇರಲಿಲ್ಲ, ಈಗಲೂ ಇಲ್ಲ, ಅಣ್ಣಾ. ಗುರಿ ಇನ್ನೂ ಚೊಲೊ ಇರಬೇಕಿತ್ತು ಎಂಬುದೊಂದೇ.

ಅಂದೇ ನೆತ್ತಿ ಸುಡುವ ಬಿಸಿಲಿನಲ್ಲಿ ಮನೆಯ ಇನ್ನೊಂದು ಕೊಡಲಿ ಹಿಡಿದು ದಿಬ್ಬಕ್ಕೆ ನಡೆದೆ. ನಿನ್ನನ್ನು ತಿಂದ ದೋಣಿ ಒಲೆಗೆ ಹೋಗಲಿ, ಬೂದಿ ಆಗಲಿ ಎಂದುಕೊಂಡೆ. ವೈನಿ ಹಿಂದೆ ಓಡಿ ಬಂದು ಅಡ್ಡ ನಿಂತಳು. ಅವಳಿಗೆ ದೋಣಿ ಬೇಕು ಎಂದರೆ ನನಗೆ ನಂಬಲಾಗಲಿಲ್ಲ.

‘ಗಂಡನ್ನ ನುಂಗಿದ್ದನ್ನ ಕಾಯಾಕ ಬಂದಿ ಏನ?’

‘ನುಂಗಿದ್ದು ಕೀಲಿ, ದೋಣಿ ಅಲ್ಲ’ ಎಂದಳು. ‘ದೋಣಿ ಸುಟ್ಟು ಕೀಲಿ ಇಟ್ಟವ್ರನ್ನ ಬಿಡತಿ ಏನು? ತಪ್ಪು ದೋಣಿದಾದ್ರ ಗೌಡನ ಹಣಿ ಯಾಕ ಒಡದಿ?’

ನಾನು ಅವಳನ್ನು ನೂಕಿದೆ. ಅವಳು ನನ್ನ ತುರುಬು ಹಿಡಿದಳು. ಇಬ್ಬರೂ ಉಸುಕಿನಲ್ಲಿ ಹೊರಳಾಡಿ ಹೊಡೆದಾಡಿದೆವು, ಗುದ್ದಿದೆವು, ಪರಚಿದೆವು. ನೀನಿದ್ದಿದ್ದರೆ ಗಳ ಹಿಡಿದು ಇಬ್ಬರನ್ನೂ ಬೇರೆ ಮಾಡುತ್ತಿದ್ದೆ. ನೀನಿಲ್ಲವೆಂದೇ ಅಲ್ಲವೇ ನಾವು ಹೊಡೆದಾಡಿದ್ದು? ನಾನು ಬಿಡಿಸಿಕೊಂಡು ಎದ್ದು ಬಾಲದ ದಪ್ಪ ದಿಮ್ಮಿಗೆ ಒಂದೇಟು ಹಾಕಿದೆ. ಕೊಡಲಿ ಕಚ್ಚಿಕೊಂಡಿತು. ಕೀಳಲು ಬಗ್ಗಿದಾಗ ಕಂಡವು, ಪಕ್ಕದಲ್ಲೇ, ನಿನ್ನ ಏಟುಗಳು.

ನೀನು ಎಡಚ. ಮನೆಯ ಕಟ್ಟಿಗೆಯೆಲ್ಲ ಎಡಕ್ಕೆ ವಾಲಿದ ಏಟಿನಿಂದಲೇ ಸೀಳಿರುತ್ತಿತ್ತು, ಆ ಗುರುತು ನನಗೆ ಕಣ್ಣು ಮುಚ್ಚಿದರೂ ಗೊತ್ತು. ನೀನು ಸರಪಳಿಯ ಮೇಲೆ ಒಂದೆರಡು ಹೊಡೆದು ನೋಡಿದ್ದೆ, ಅದು ಬಗ್ಗಲಿಲ್ಲ. ಆಮೇಲೆ ಸರಪಳಿ ಬಿಟ್ಟು, ಅದರ ಒಂದು ತುದಿ ಬಿಗಿದ ದಿಮ್ಮಿಯನ್ನೇ, ಅಜ್ಜನ ದೋಣಿಯ ಮೈಯನ್ನೇ ಕಡಿದಿದ್ದೆ. ಒಂದರ ಮೇಲೊಂದು, ಒಂದೇ ಜಾಗದಲ್ಲಿ. ಗಾಳಿಗೂ ಹೊಳೆಗೂ ಅಂಜಿದವನ ಏಟು ಹಾಗಿರುವುದಿಲ್ಲ. ದೋಣಿಯ ಬಾಲ ಬಿಡಿಸಲು ನೀನು ಕಡಿದದ್ದು, ನಾನು ಅದನ್ನೇ ಕೊಲ್ಲಲು ಕಡಿಯುತ್ತಿದ್ದೆ. ಅಲ್ಲಿ ಕುಕ್ಕರಿಸಿ ಕುಳಿತು ಅತ್ತೆ. ನಿನ್ನ ಮಣ್ಣಿನ ದಿನವೂ ನಾನು ಅತ್ತಿರಲಿಲ್ಲ. ವೈನಿ ಮೂಗಿನ ರಕ್ತ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತಳು.

‘ಕಟ್ಟಸೂಣು’ ಎಂದಳು.

‘ಕಟ್ಟಸೂಣು. ಆದ್ರ ನಾ ಹೇಳಿದಂಗ’ ಎಂದೆ.

ಮುಂಡರಗಿಯ ದಾವಲಸಾಬ ಬಡಿಗೇರ ಚಾಚಾ ಬಂದು ದೋಣಿಯ ಸುತ್ತ ಒಂದು ಸುತ್ತು ಹಾಕಿ, ಹೊಸದು ಕಟ್ಟುವುದೇ ಹಗುರ ಎಂದ. ಹಳೆಯದೇ ಬೇಕು ಎಂದೆ. ಅಪ್ಪನ ಕಾಲದ ರೂಢಿ ನಿನಗೆ ನೆನಪಿರಬೇಕು, ದೋಣಿಗೆ ಹೊಸ ಹಲಗೆ ಬಿದ್ದಾಗ ಹಲಗೆಯ ಸಂದಿಗೆ ತುಂಬಲು ಮನೆಗೊಂದು ಹಿಡಿ ಪುಂಡಿನಾರು ಕೊಡಬೇಕು, ಕೊಟ್ಟವರು ತಾವೇ ತುಂಬಬೇಕು. ಬಡಿದಾಟದ ಮೇಲೆ ಆ ರೂಢಿ ನಿಂತಿತ್ತು. ನಾನು ಹರಿಗೋಲಿನಲ್ಲಿ ಆಚೆ ದಂಡೆಗೂ ಹೋಗಿ ಮನೆಮನೆಯ ಬಾಗಿಲು ಬಡಿದೆ. ಬೈಸಿಕೊಂಡೆ, ಬೈದೆ, ನಾರು ತಂದೆ. ದವಡೆ ಮುರಿಸಿಕೊಂಡವನೂ ಕಿವಿ ಹರಿಸಿಕೊಂಡವನೂ ಒಂದೇ ಸಂದಿಯ ಎರಡು ತುದಿಯಿಂದ ನಾರು ಬಡಿಯುತ್ತ ಬಂದು ನಡುವೆ ಮುಖಾಮುಖಿಯಾದರು. ಒಬ್ಬ ಇನ್ನೊಬ್ಬನಿಗೆ ಎಲೆಯಡಿಕೆ ಕೊಟ್ಟ.

ಗೌಡರು ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದಾಗ ಕೆಲಸ ಅರ್ಧ ಆಗಿತ್ತು. ಕೀಲಿಕೈ ಕೇಳಿದೆ. ಕೊಡಲಿಲ್ಲ.

‘ಕೊಡ್ರಿ’ ಎಂದಳು ವೈನಿ, ದನಿ ಎತ್ತರಿಸದೆ. ‘ಅದು ನನ್ನ ಗಂಡನ ಕೊರಳಿಗೆ ಕಟ್ಟಿದ್ದು.’

ಅವರು ಉಡದಾರದಿಂದ ಬಿಚ್ಚಿ ಉಸುಕಿನ ಮೇಲೆ ಇಟ್ಟರು, ನಮ್ಮ ಕೈಗೆ ಕೊಡುವ ಧೈರ್ಯವಾಗಲಿಲ್ಲ. ಪಟೇಲರದೂ ಬಂತು. ಬಂಡೆಗೆ ಹೋಗಿ ಅಲ್ಲಿ ಉಳಿದಿದ್ದ ಮೂತಿಯ ಸರಪಳಿಯನ್ನೂ ಬಿಚ್ಚಿ ತಂದೆವು. ಎರಡು ಸರಪಳಿ, ಎರಡು ಬೀಗ, ಎರಡು ಕೀಲಿಕೈ, ಎಲ್ಲವನ್ನೂ ಕಮ್ಮಾರನ ಕುಲುಮೆಗೆ ಹಾಕಿಸಿ ನಾನೇ ತಿದಿ ಒತ್ತಿದೆ. ಆ ಕಬ್ಬಿಣವೇ ಮೊಳೆಯಾಯಿತು, ಪಟ್ಟಿಯಾಯಿತು. ಬಾಲದ ದಿಮ್ಮಿ ಬದಲಾಯಿಸಬೇಕೆಂದು ಚಾಚಾ ಹೇಳಿದ. ಬೇಡ ಎಂದೆ, ಅದಕ್ಕೆ ಆ ಪಟ್ಟಿಯನ್ನೇ ಬಿಗಿಸಿದೆ. ನಿನ್ನ ಏಟುಗಳು ನೀರಿನ ಮೇಲೆ ಕಾಣುತ್ತವೆ. ಅವುಗಳ ಪಕ್ಕದಲ್ಲಿ ನನ್ನದೂ ಒಂದು, ಬಲಕ್ಕೆ ವಾಲಿದ್ದು.

ಈಗ ನಿನಗೆ ತಿಳಿಯದ ಸುದ್ದಿ ಹೇಳುತ್ತೇನೆ, ಅಣ್ಣಾ. ರಾಜ್ಯ ಒಂದಾಯಿತು. ಆ ದಿನ ಬಾವುಟ ಹಿಡಿದವರು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಹೆಂಗಸು ಚುಕ್ಕಾಣಿ ಹಿಡಿಯಬಾರದು ಎಂದವನೊಬ್ಬನನ್ನು ನಾನು ಕುತ್ತಿಗೆ ಹಿಡಿದು ನೀರಿಗೆ ದಬ್ಬಿದೆ, ಈಜಿ ಬಂದು ದೋಣಿಯಲ್ಲೇ ಕುಳಿತ. ಚುಕ್ಕಾಣಿ ನನ್ನ ಕೈಯಲ್ಲಿತ್ತು, ಹಾಯಿ ವೈನಿಯ ಕೈಯಲ್ಲಿತ್ತು. ಬಸವನಗುಂಡು ಬಂದಾಗ ಯಾರೂ ಹೇಳದೆಯೇ ಎಲ್ಲರೂ ಬಾವುಟ ಇಳಿಸಿದರು. ಹೊತ್ತು ಮುಳುಗುವತನಕ ಎರಡೂ ದಂಡೆಯವರನ್ನು ಪುಕ್ಕಟೆ ದಾಟಿಸಿದೆವು. ನನ್ನ ಅಂಗೈ ನೋಡಿದ್ದರೆ ನೀನು ನಗುತ್ತಿದ್ದೆ.

ಎಲ್ಲರೂ ಹೋದ ಮೇಲೆ ವೈನಿ ಮೂತಿಗೆ ಒಂದೇ ಹಗ್ಗ ಕಟ್ಟಿದಳು. ಹಗ್ಗಕ್ಕೆ ನಿನ್ನ ಅಂಗಿಯ ಆ ತುಂಡನ್ನೂ ಸೇರಿಸಿ ಹೊಸೆದಿದ್ದಳು, ನನಗೂ ಹೇಳಿರಲಿಲ್ಲ. ನಾವು ದಂಡೆಯ ಮೇಲೆ ನಿಂತು ನೋಡಿದೆವು. ದೋಣಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಬಾಲ ತಾನಾಗಿಯೇ ಮೆಲ್ಲಗೆ ತಿರುಗಿ, ಮೂತಿ ನೀರಿಗೆ ಕೊಟ್ಟು ನಿಂತಿತು, ನೀನು ಹೇಳಿದ ಹಾಗೇ.

ನಿನ್ನ ಕೊಡಲಿಯನ್ನು ಹೊಳೆ ಕೊಡಲಿಲ್ಲ. ನನ್ನದು ದೋಣಿಯಲ್ಲೇ ಇದೆ, ಚುಕ್ಕಾಣಿಯ ಪಕ್ಕದಲ್ಲಿ. ನಾನಿರುವತನಕ ಇದರ ಬಾಲಕ್ಕೆ ಹಗ್ಗ ಹಿಡಿದು ಯಾರೂ ಬರುವುದಿಲ್ಲ. ಬಂದರೆ ಈ ಸಲ ಮರ ಕಡಿಯುವುದಿಲ್ಲ.

ನಿನ್ನ ತಂಗಿ,
ಗಂಗವ್ವ